ಉಂಡ ಮನೆಗೊಂದು ಚೀಲ

ನಮ್ಮ ಸೋದರಮಾವ ಈರಯ್ಯನಿಗೆ ನಂದಗಡದಲ್ಲಿ ಎರಡು ಕೆಲಸ. ಒಂದು ಹುಟ್ಟಿನಿಂದ ಬಂದದ್ದು. ಊರಿನ ಲಿಂಗಾಯತರ ಮನೆಗಳಿಗೆ ಅವನು ಮಠಪತಿ, ಎಲ್ಲರ ಬಾಯಲ್ಲಿ ಅಯ್ಯಾರು. ಕೂಸು ಹುಟ್ಟಿದರೆ ಲಿಂಗ ಕಟ್ಟಲು, ಮದುವೆಯಾದರೆ ಹರಸಲು, ಯಾರಾದರೂ ಸತ್ತರೆ ಮಣ್ಣು ಮುಚ್ಚುವ ಮುಂಚೆ ಅವರ ತಲೆಯ ಮೇಲೆ ಪಾದ ಇಡಲು ಅವನೇ ಹೋಗಬೇಕು. ಇನ್ನೊಂದು ತಾನೇ ಕಟ್ಟಿಕೊಂಡದ್ದು, ಪೇಟೆಯಲ್ಲಿ ಗೊಬ್ಬರದ ಅಂಗಡಿ. ಬೋರ್ಡಿನ ಮೇಲೆ ಏನೋ ಉದ್ದದ ಹೆಸರಿದೆ, ಆದರೆ ಎಲ್ಲರ ಬಾಯಲ್ಲೂ ಅದು ಅಯ್ಯಾರ ಅಂಗಡಿ. ಮೂವತ್ತು ವರ್ಷ ಈ ಎರಡು ಕೆಲಸಗಳು ಒಂದರ ತಂಟೆಗೆ ಇನ್ನೊಂದು ಹೋಗದೆ ನಡೆದವು. ಯೂರಿಯಾ ಸಿಗದೆ ಹೋದ ಮಳೆಗಾಲದಲ್ಲಿ ಮಾತ್ರ ಎರಡೂ ಮುಖಾಮುಖಿಯಾದವು. ಒಂದು ಮನೆಯವರು ಅವನಿಗೆ ಇನ್ನು ನಮ್ಮ ಹೊಸ್ತಿಲು ತುಳಿಯಬೇಡ ಎಂದರು. ಆ ಮನೆಯವರು ತನ್ನನ್ನು ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬುದೊಂದೇ ಆಮೇಲೆ ಅವನ ತಲೆಯಲ್ಲಿ ಉಳಿಯಿತು.

ಊರೆಲ್ಲ ಬಹುವಚನದಲ್ಲಿ ಮಾತಾಡಿಸುವವನನ್ನು ನಾನು 'ಅವನು' ಎನ್ನುತ್ತಿದ್ದೇನೆ ಎಂದು ಯಾರೂ ಬೇಸರ ಮಾಡಿಕೊಳ್ಳಬಾರದು. ಹೆಗಲ ಮೇಲೆ ಕೂರಿಸಿಕೊಂಡು ಸಂತೆ ತೋರಿಸಿದ ಮಾವ ಅವನು. ನನಗೆ ಅವನು ಮಾಮಾ, ಅಷ್ಟೇ. ನಾನು ಅನಿಕೇತ, ಬೆಳಗಾವಿಯ ಮಹಾಂತೇಶ ನಗರದಲ್ಲಿದ್ದೇನೆ, ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ.

ಮಾಮಾನ ತಂದೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ಬದುಕಿದವರು. ಮಾಮಾನಿಗೆ ಜೋಳಿಗೆಯೊಂದರಿಂದ ಸಂಸಾರ ಸಾಗುವುದಿಲ್ಲ ಎಂದು ಬೇಗ ತಿಳಿಯಿತು. ಬೆಳಗಾವಿಯ ರವಿವಾರಪೇಟೆಯಲ್ಲಿ ಒಬ್ಬ ಗೊಬ್ಬರದ ವ್ಯಾಪಾರಿಯ ಹತ್ತಿರ ಕೆಲವು ವರ್ಷ ದುಡಿದು, ವ್ಯಾಪಾರ ಕಲಿತು, ಊರಿಗೆ ಮರಳಿ ಅಂಗಡಿ ಹಾಕಿದ. ಗಿರಾಕಿಗಳನ್ನು ಹುಡುಕುವ ಕಷ್ಟ ಅವನಿಗೆ ಬರಲಿಲ್ಲ, ಎಲ್ಲರೂ ಅವನ ಮನೆತನದ ಭಕ್ತರೇ. ಬಂದವರು ಹಣದ ಗಲ್ಲೆಯ ಬಾಜು ಹಾದು ಒಳಗೆ ಬಂದು ಮೊದಲು ಕಾಲು ಮುಟ್ಟಿ, ಆಮೇಲೆ 'ಯೂರಿಯಾ ಎಷ್ಟ್ರೀ' ಎಂದು ಕೇಳುತ್ತಿದ್ದರು. ಮರಾಠಿಯವರು ಬಂದರೆ ಅವರ ಜೊತೆ ಮರಾಠಿ. ಸರಕು ಮುಗಿದಿದ್ದರೆ ಅವರಿಗೆ 'ಉದ್ಯಾ ಯಾ' ಎಂದು, ನಮ್ಮವರಿಗೆ 'ನಾಳೆ ಬರ್ರಿ' ಎಂದು ಒಂದೇ ನಗೆಯಲ್ಲಿ ಕಳಿಸುತ್ತಿದ್ದ.

ಅವನಿಗೆ ಆ ಕಾಲು ಮುಟ್ಟಿಸಿಕೊಳ್ಳುವ ಚಟ ಇತ್ತು. ಬೇರೆ ಶಬ್ದ ನನಗೆ ಸಿಗುವುದಿಲ್ಲ. ದಿನಾ ಸ್ನಾನದಲ್ಲಿ ಇಟ್ಟಿಗೆಯ ಚೂರಿನಿಂದ ಅಂಗಾಲು ತಿಕ್ಕಿ, ಎಣ್ಣೆ ಹಚ್ಚಿ, ಆಮೇಲೆ ಪೂಜೆಗೆ ಕೂಡುತ್ತಿದ್ದ. "ಮಾರಿಗಿಂತ ಕಾಲಿಗೇ ಇವರ ಕಾಳಜಿ ಜಾಸ್ತಿ" ಎಂದು ಅಕ್ಕವ್ವ ಅತ್ತೆ ಛೇಡಿಸಿದರೆ, "ಮಂದಿ ನೋಡೂದು ಅದನ್ನ" ಎಂದು ನಗುತ್ತಿದ್ದ. ಮೋಸಗಾರನಲ್ಲ. ತೂಕದಲ್ಲಾಗಲಿ ದರದಲ್ಲಾಗಲಿ ಒಬ್ಬರನ್ನೂ ವಂಚಿಸಿದವನಲ್ಲ. ಆದರೆ ಊರು ತನ್ನ ಪಾದದ ಕೆಳಗಿದೆ ಎಂಬ ಸಣ್ಣ ಸುಖ ಅವನಿಗೆ ಬೆಳಗಿನ ಚಹಾದಷ್ಟೇ ರೂಢಿಯಾಗಿತ್ತು.

ಇನ್ನು ಯೂರಿಯಾದ ವಿಷಯ. ಅದು ನಮ್ಮ ದೇಶದಲ್ಲೂ ತಯಾರಾಗುತ್ತದೆ, ಆದರೆ ಸಾಲುವುದಿಲ್ಲ. ತಯಾರಿಸಲು ಬೇಕಾದ ಅನಿಲದಲ್ಲಿ ಬಹಳಷ್ಟು ಹೊರಗಿನದು. ಪೊಟ್ಯಾಷ್ ಎಂಬುದು ಗಣಿಯಿಂದ ಅಗೆದು ತೆಗೆಯುವ ಖನಿಜ, ಅದು ಹಡಗಿನಲ್ಲೇ ಬರಬೇಕು. ಡಿಎಪಿಗೆ ಬೇಕಾದ ಕಲ್ಲೂ ಹೆಚ್ಚಿನ ಪಾಲು ಹಾಗೆಯೇ. ಎಲ್ಲೋ ಯುದ್ಧ ಹತ್ತಿಕೊಂಡರೆ, ಇನ್ನೆಲ್ಲೋ ಒಂದು ದೇಶ ಮಾರುವುದಿಲ್ಲ ಎಂದು ಬಾಗಿಲು ಹಾಕಿಕೊಂಡರೆ ನಮ್ಮ ಖಾನಾಪುರ ತಾಲೂಕಿನ ಭತ್ತ ಹಳದಿಯಾಗುತ್ತದೆ. ಟಿವಿಯಲ್ಲಿ ದೊಡ್ಡವರು ಕೂತು, ಇನ್ನು ಮೇಲೆ ಎಲ್ಲವನ್ನೂ ನಮ್ಮಲ್ಲೇ ಮಾಡಿಕೊಳ್ಳಬೇಕು, ಖನಿಜಗಳನ್ನು ನಮ್ಮ ನೆಲದಲ್ಲೇ ಹುಡುಕಬೇಕು ಎಂದು ಗಂಟೆಗಟ್ಟಲೆ ಮಾತಾಡಿದರು. ಒಳ್ಳೆಯ ಮಾತೇ. ಆದರೆ ಭತ್ತಕ್ಕೆ ಮೇಲುಗೊಬ್ಬರ ಬೇಕಾದ ಹದಿನೈದು ದಿನ ಆ ಮಾತಿಗಾಗಿ ಕಾಯುವುದಿಲ್ಲ. ಆಷಾಢದ ಮಳೆಯಲ್ಲಿ ಸಾಲಾಗಿ ಲಾರಿ ಬರಬೇಕಾದಲ್ಲಿ ವಾರಕ್ಕೊಂದು ಬಂದರೆ ಪುಣ್ಯ ಎನ್ನುವಂತಾಯಿತು. ಹಡಗು ತಡವಾದರೆ ಏನಾಗುತ್ತದೆ ಎಂದು ನಾನು ಆ ವರ್ಷ ನಂದಗಡದಲ್ಲಿ ಕಂಡೆ. ನಿನ್ನೆಯವರೆಗೆ ಚಿಲ್ಲರೆ ಹುಡುಕುತ್ತಿದ್ದ ಅಂಗಡಿಕಾರ ರಾತ್ರೋರಾತ್ರಿ ಪಾಳೇಗಾರನಾಗುತ್ತಾನೆ.

ಮಾಮಾ ಪಾಳೇಗಾರನಾದದ್ದು ಹೋಳಿಗೆ ತಿಂದು. ಆ ಭಾಗದಲ್ಲಿ ಆಷಾಢದಲ್ಲಿ ಅಯ್ಯನವರನ್ನು ಯಾರೂ ಕರೆಯುವುದಿಲ್ಲ. ಎಲ್ಲರೂ ಕೆಸರಿನಲ್ಲಿರುತ್ತಾರೆ, ಲಗ್ನ ಇಲ್ಲ, ದೀಕ್ಷೆ ಇಲ್ಲ. ಆ ವರ್ಷ ನೋಡಿದರೆ ದಿನಕ್ಕೊಂದು ಮನೆಯಿಂದ ಕರೆ. ಒಬ್ಬರಿಗೆ ಇದ್ದಕ್ಕಿದ್ದಂತೆ ಅಜ್ಜನ ನೆನಪಾಯಿತು, ಇನ್ನೊಬ್ಬರಿಗೆ ಎಂದೋ ಹೊತ್ತ ಹರಕೆ ನೆನಪಾಯಿತು. ಪಾದಪೂಜೆ, ಹೋಳಿಗೆ, ತುಪ್ಪ, ಏಳುವಾಗ ಬಾಗಿಲ ತನಕ ಬಂದು "ಲಾರಿ ಯಾವಾಗ ಬರತೈತ್ರಿ ಅಯ್ಯಾರ?" ಎಂದು ಮೆಲ್ಲಗೆ ಒಂದು ಮಾತು. ಮಾಮಾ ಬರುತ್ತದೆ ಎನ್ನುವನು, ಹರಸುವನು, ಬರುವನು.

ಅವರ ಮನೆತನದಲ್ಲಿ ಒಂದು ರೀತಿ ಇತ್ತು. ಪ್ರಸಾದ ತೆಗೆದುಕೊಂಡ ಮನೆಯವರು ಬಾಗಿಲಿಗೆ ಬಂದರೆ ಅವರನ್ನು ಬರಿಗೈಯಲ್ಲಿ ಕಳಿಸಬಾರದು. ಅಜ್ಜನ ಕಾಲದಲ್ಲಿ ಅದಕ್ಕೆ ಒಂದು ಚಿಟಿಕೆ ವಿಭೂತಿ, ನಾಲ್ಕು ಪತ್ರಿ ಎಲೆ ಸಾಕಾಗುತ್ತಿತ್ತು. ಮಾಮಾ ಅದನ್ನು ಯೂರಿಯಾ ಚೀಲಕ್ಕೂ ಹಚ್ಚಿದ. ಇದು ಅವನು ಮಾಡಿದ ತಪ್ಪು, ಮತ್ತು ಧರ್ಮವೆಂದೇ ತಿಳಿದು ಮಾಡಿದ. ಲಾರಿ ಬಂದಾಗ ಉಂಡ ಮನೆಗಳ ಹೆಸರಿಗೆ ಕೆಲವು ಚೀಲ ಒಳಗೆ ಸರಿಸಿ, ಮೇಲೆ ತಾಡಪತ್ರಿ ಹೊದಿಸಿ, ಉಳಿದದ್ದನ್ನು ಸಾಲಿನವರಿಗೆ ಕೊಡುತ್ತಿದ್ದ.

ಮಗಳು ಸಮೃದ್ಧಿ ಅಂಗಡಿಯಲ್ಲಿ ಜೊತೆಗಿರುತ್ತಾಳೆ, ಗೊಬ್ಬರ ಕೊಳ್ಳುವವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಅವಳ ಕೈಯಲ್ಲಿ. ಅವಳು ನೇರವಾಗಿ ಹೇಳಿದಳು.

"ಅಪ್ಪಾ, ಇದು ಚಲೋ ಅಲ್ಲ. ಮಂದಿ ಮಳ್ಯಾಗ ನಿಂತಿರ್ತಾರ, ನೀವು ಹೋಳಿಗಿ ಲೆಕ್ಕದಾಗ ಚೀಲ ಕೊಡ್ತೀರಿ."

"ಲೆಕ್ಕ ಅಲ್ಲ ಅದು, ಋಣ. ಉಂಡ ಮನಿಗೆ ಇಲ್ಲ ಅನ್ನಾಕ ಬರೂದಿಲ್ಲ."

"ಹಂಗಾರ ಉಣ್ಣಾಕ ಹೋಗಬ್ಯಾಡ್ರಿ."

"ಕರದ ಮನಿಗೆ ಹೋಗಲಿಲ್ಲಂದ್ರ ನಾ ಎಂಥಾ ಅಯ್ಯಾ?"

ಅವನ ಮಾತಿಗೆ ಎರಡೂ ಕಡೆ ಗೋಡೆ ಇತ್ತು.

ಆ ದಿನ ನನಗೆ ರಜೆ, ಅಂಗಡಿಯಲ್ಲಿ ಜನ ಹೆಚ್ಚು ಎಂದು ಅವ್ವ ನನ್ನನ್ನು ಕಳಿಸಿದ್ದಳು. ಹೋದಾಗ ಸಾಲು ಬಸ್‌ಸ್ಟ್ಯಾಂಡಿನ ಕಡೆ ತಿರುಗಿ ನಿಂತಿತ್ತು. ಅರ್ಧ ಜನ, ಅರ್ಧ ಚಪ್ಪಲಿ. ಚಹಾಕ್ಕೆ ಹೋದವರು ತಮ್ಮ ಜಾಗದಲ್ಲಿ ಚಪ್ಪಲಿ ಬಿಟ್ಟು ಹೋಗಿದ್ದರು, ಅದರ ಮೇಲೆ ಮಳೆ ಸುರಿಯುತ್ತಿತ್ತು. ಸಾಲಿನಲ್ಲಿ ಬೀರಣ್ಣ ಇದ್ದ. ಕುರುಬರವನು, ಸ್ವಲ್ಪ ಭೂಮಿ, ಸ್ವಲ್ಪ ಕುರಿ, ಬಾಯಿಗೆ ಬೀಗ ಇಲ್ಲ. "ನಮ್ಮ ಕುರಿ ಪುಣ್ಯಾತ್ಮರು, ಹಡಗಿನ್ಯಾಗ ಬರೂದಿಲ್ಲ" ಎಂದು ಎಲ್ಲರನ್ನೂ ನಗಿಸುತ್ತಿದ್ದ. "ಹಂಗಾರ ನೀ ಯಾಕ ನಿಂತಿ?" ಎಂದು ಯಾರೋ ಕೇಳಿದರೆ, "ಅವು ಹಾಕೂದು ನಮ್ಮ ಹೊಲಕ್ಕ ಸಾಲೂದಿಲ್ಲೋ ಮಾರಾಯಾ" ಎಂದ.

ಬೀರಣ್ಣನ ಹಿಂದೆ ತಮ್ಮಣ್ಣ ನಿಂತಿದ್ದ. ಹಳ್ಳದ ಆಚೆ ಮನೆ, ಭತ್ತದ ಹೊಲ. ಮಾಮಾನ ಜೊತೆ ಒಂದನೇ ಇಯತ್ತೆಯಿಂದ ಒಂದೇ ಚಾಪೆಯ ಮೇಲೆ ಕೂತು ಓದಿದವನು. ಇಬ್ಬರೂ ಸೇರಿ ಕದ್ದ ಪೇರಲ ಹಣ್ಣಿನ ಕತೆ ನಾನು ಎಷ್ಟು ಸಲ ಕೇಳಿದ್ದೇನೋ. ಆದರೆ ಮಾಮಾನಿಗೆ ದೀಕ್ಷೆಯಾದ ದಿನದಿಂದ ತಮ್ಮಣ್ಣ ಅವನನ್ನು 'ಅಯ್ಯಾರ' ಎಂದೇ ಕರೆದ, ಸಿಕ್ಕಾಗೆಲ್ಲ ಕಾಲು ಮುಟ್ಟಿದ. ಆ ಮಳೆಗಾಲ ಮಾತ್ರ ಅವನು ಮಾಮಾನನ್ನು ಊಟಕ್ಕೆ ಕರೆದಿರಲಿಲ್ಲ. ಹೋಳಿಗೆ ಮಾಡಲಾರದಷ್ಟು ಬಡವನಲ್ಲ. ಕೆಲಸವಿದ್ದಾಗ ಕರೆಯುವುದು ಅವನ ಜಾಯಮಾನವಲ್ಲ, ಅಷ್ಟೇ.

ಬೀರಣ್ಣನಿಗೆ ಕೊನೆಯ ಚೀಲ ಸಿಕ್ಕಿತು. ಮಾಮಾ ಕೈ ಝಾಡಿಸಿದ.

"ಮುಗೀತ್ರೀ. ಇನ್ನೊಂದು ಲಾರಿ ಬಂದ ಮ್ಯಾಲ ನೋಡೂಣು."

ತಮ್ಮಣ್ಣ ಹೋಗಲಿಲ್ಲ. ತಲೆಯ ಮೇಲಿನ ಪ್ಲಾಸ್ಟಿಕ್ ಕೊಪ್ಪೆ ಸರಿಸಿ ಒಳಗೆ ಬಗ್ಗಿ ನೋಡಿದ. ತಾಡಪತ್ರಿಯ ಕೆಳಗಿಂದ ಚೀಲದ ಮೂಲೆಗಳು ಕಾಣುತ್ತಿದ್ದವು.

"ಅವು ಏನ್ರೀ ಅಯ್ಯಾರ?"

"ಅವು ಬ್ಯಾರೇದವರವು. ಹೇಳಿಟ್ಟಾರ."

"ಯಾರು?"

ಮಾಮಾ ತಾಡಪತ್ರಿ ಎಳೆದು ಮೂಲೆ ಮುಚ್ಚಲು ಹೋದ. ಉತ್ತರ ಬೀರಣ್ಣ ಕೊಟ್ಟ. "ಅಯ್ಯಾರಿಗೆ ಹೋಳಿಗಿ ಉಣಿಸಿದವರವು."

ಸಾಲಿನಲ್ಲಿ ನಗು ಹೊರಟಿತು. ತಮ್ಮಣ್ಣ ನಗಲಿಲ್ಲ.

"ಹೌದೇನ್ರೀ? ನನ್ನ ಮನ್ಯಾಗ ಉಣಲಿಲ್ಲಂತ ನನಗ ಗೊಬ್ಬರಾ ಇಲ್ಲೇನು? ನಾ ಮುಂಜಾನಿಂದ ನಿಂತೇನಿ. ನನ್ನ ಭತ್ತ ಹಳದಿ ಹೊಡದೈತಿ."

"ತಮ್ಮಣ್ಣಾ, ಉಂಡ ಮನಿಯವರ್ನ ಬರಿಗೈಲೆ ಕಳಸಾಕ ಆಗೂದಿಲ್ಲ. ಅದು ನಮ್ಮ ಮನಿತನದ ರೀತಿ. ನಿನಗ ಗೊತ್ತೈತಿ."

"ನೋಡ ಈರ್ಯಾ" ಎಂದ ತಮ್ಮಣ್ಣ.

ನಗು ನಿಂತುಹೋಯಿತು. ನಲವತ್ತು ವರ್ಷದಿಂದ ಆ ಹೆಸರಿನಿಂದ ಅವನನ್ನು ಯಾರೂ ಕರೆದಿರಲಿಲ್ಲ.

"ನೋಡ ಈರ್ಯಾ, ನೀ ತಿಂದಿದ್ದು ಪ್ರಸಾದ ಅಲ್ಲ, ಲಂಚ. ಇನ್ನ ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ. ನಾಳೆ ನಾ ಸತ್ರೂ ನಿನ್ನ ಪಾದ ನನಗ ಬ್ಯಾಡ."

ಮಾಮಾನ ಮುಖ ಕೆಂಪಾಯಿತು. ಒಂದು ಚೀಲ ಎತ್ತಿ ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಅಷ್ಟು ಜನರೆದುರು ಹೀಗೆಂದ: "ಬ್ಯಾಡಾದ್ರ ಬಿಡು. ನಿನ್ನ ತಲಿ ಹುಡಿಕ್ಕೊಂಡು ನನ್ನ ಪಾದ ಬರೂದಿಲ್ಲ."

ತಮ್ಮಣ್ಣ ಕೊಪ್ಪೆ ಮತ್ತೆ ತಲೆಗೆ ಎಳೆದುಕೊಂಡು ಹೋದ.

ತಾಡಪತ್ರಿಯ ಕೆಳಗಿನ ಚೀಲಗಳು ಸಂಜೆಯೊಳಗೆ ತಮ್ಮ ತಮ್ಮ ಮನೆ ಸೇರಿದವು. ಮಾಮಾನಿಗೆ ಆವತ್ತು ಊಟ ಸೇರಲಿಲ್ಲ. ಮರುದಿನ ಅತ್ತೆಗೆ, "ಮುಂದಿನ ಲಾರಿ ಬಂದ ಕೂಡಲೇ ಮೊದಲ ತಮ್ಮಣ್ಣಂದು ಕಳಸ್ತೀನಿ" ಎಂದ. ಅತ್ತೆ, "ಚೀಲ ಆಮ್ಯಾಲ ಕಳಸೀರಂತ, ಇವತ್ತ ಹೋಗಿ ಮಾತಾಡಿ ಬರ್ರಿ" ಎಂದಳು. "ಕರೀದ ಹೆಂಗ ಹೋಗ್ಲಿ? ಬರಬ್ಯಾಡ ಅಂದಾನ" ಎಂದು ಕೂತ. ಅಯ್ಯನಾದವನು ಕರೆಯದೆ ಹೋಗಬಾರದು ಎಂಬುದು ನಿಜವೇ. ಆದರೆ ಆ ದಿನ ಅವನನ್ನು ಕಟ್ಟಿಹಾಕಿದ್ದು ಅದಲ್ಲ, ಹಟ. ಅದು ಅವನಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಎರಡು ದಿನ ಬಿಟ್ಟು ಲಾರಿ ಬಂತು, ಈ ಸಲ ತುಂಬಿ ಬಂತು. ನಾನೂ ಕಚೇರಿಗೆ ಹೇಳಿ ಬೆಳಗಿನ ಬಸ್ಸಿಗೇ ಹೋಗಿದ್ದೆ. ಹಮಾಲರು ಚೀಲ ಇಳಿಸುತ್ತಿದ್ದರು, ಮಾಮಾ ಗೆಲುವಾಗಿದ್ದ. ಮೊದಲ ಎರಡು ಚೀಲ ತಾನೇ ಬದಿಗೆ ಸರಿಸಿ, "ಇವು ತಮ್ಮಣ್ಣಂದು" ಎಂದ. ಆ ಹೊತ್ತಿಗೆ ಬೀರಣ್ಣ ಸಾಲು ದಾಟಿಕೊಂಡು ಬಂದ. ಅವನ ಬಾಯಲ್ಲಿ ಆವತ್ತು ತಮಾಷೆ ಇರಲಿಲ್ಲ.

"ಅಯ್ಯಾರ, ತಮ್ಮಣ್ಣ ಹೋದಾ. ಮುಂಜಾನೆ ಹಿತ್ತಲಕ್ಕ ಹೋದಾಂವ ಅಲ್ಲೇ ಕುಸದಾ. ಎಬ್ಬಸೂದ್ರಾಗ ಮುಗದಿತ್ತು."

ತಮ್ಮಣ್ಣನ ಎದೆ ಬಹಳ ದಿನದಿಂದ ಸರಿ ಇರಲಿಲ್ಲ. ಬೆಳಗಾವಿಯ ನೆಹರು ನಗರದ ದವಾಖಾನೆಯಲ್ಲಿ ತೋರಿಸಿದ್ದ, ಗುಳಿಗೆ ಇದ್ದವು, ನೆನಪಾದಾಗ ನುಂಗುತ್ತಿದ್ದ. ಯೂರಿಯಾದ ಚಿಂತೆಯಲ್ಲೇ ಸತ್ತ ಎಂದು ಊರಲ್ಲಿ ಆಡಿಕೊಂಡದ್ದು ಸುಳ್ಳು. ಆದರೆ ಸುಳ್ಳೆಂದು ತಿಳಿದ ಮಾತ್ರಕ್ಕೆ ಚುಚ್ಚುವುದು ಬಿಡುವುದಿಲ್ಲ. ಮಾಮಾ ಚೀಲದ ಮೇಲೆ ಕೂತುಬಿಟ್ಟ.

ಆಮೇಲೆ ಎದ್ದು ಬಾಗಿಲು ಎಳೆದ. ತನ್ನ ಭಕ್ತರ ಮನೆಯಲ್ಲಿ ಹೆಣ ಇರುವಾಗ ಮಠಪತಿ ಅಂಗಡಿ ಮಾಡುವುದಿಲ್ಲ, ಉಣ್ಣುವುದಿಲ್ಲ. ಸ್ನಾನ ಮಾಡಿ, ಜೋಳಿಗೆ, ಬೆತ್ತ ಸಿದ್ಧ ಇಟ್ಟುಕೊಂಡು ಕರೆ ಬರುವ ತನಕ ಕೂಡಬೇಕು. ಮಾಮಾ ಮನೆಗೆ ಬಂದು ಸ್ನಾನ ಮಾಡಿ ಕೂತ. ಹೊರಗೆ ಸಾಲು ಗದ್ದಲ ಎಬ್ಬಿಸಿತು. ಗೊಬ್ಬರ ಬಂದದ್ದು ಕಣ್ಣಿಗೆ ಕಾಣುತ್ತಿದೆ, ಬಾಗಿಲು ಹಾಕಿದೆ.

ಹೊತ್ತು ಏರಿತು. ಕರೆ ಬರಲಿಲ್ಲ. ತಮ್ಮಣ್ಣನ ತಮ್ಮಂದಿರು ಬೇರೆ ಊರಿನ ಅಯ್ಯನವರನ್ನು ಕರೆತರಲು ಗಾಡಿ ಕಳಿಸಿದ್ದಾರೆ ಎಂಬ ಸುದ್ದಿ ಬಂತು. ಮಾಮಾ ಜೋಳಿಗೆಯನ್ನು ಮಡಿಲಿಗೆ ಎಳೆದುಕೊಂಡ. ಸಮೃದ್ಧಿ ಬಂದು ಎದುರಿಗೆ ನಿಂತಳು.

"ಅಪ್ಪಾ, ಕೀಲಿ ಕೊಡ್ರಿ. ಮಠಪತಿ ನೀವು, ನಾ ಅಲ್ಲ. ಮಂದಿ ಮಳ್ಯಾಗ ನಿಂತೈತಿ. ನಾ ಹಂಚತೀನಿ, ಸಾಲಿನ ಪ್ರಕಾರ. ಯಾರದೂ ಎತ್ತಿಡೂದಿಲ್ಲ."

ಅವನು ಕೀಲಿ ಕೊಟ್ಟ. ಕೊಟ್ಟವನು, "ತಮ್ಮಣ್ಣನ ಎರಡು ಚೀಲ ಬೀರಣ್ಣನ ಗಾಡ್ಯಾಗ ಮಾಯವ್ವನ ಮನಿಗೆ ಕಳಸು" ಎಂದ. ಮಾಯವ್ವ ತಮ್ಮಣ್ಣನ ಹೆಂಡತಿ.

ಒಳಗಿನಿಂದ ಅತ್ತೆ ಸಿಡಿದುಕೊಂಡೇ ಬಂದಳು. "ಹೆಣದ ಮುಂದ ಯೂರಿಯಾ ಇಳಸ್ತೀರೇನು? ಬಾಯಿ ಮುಚ್ಚಸಾಕ ಕಳಿಸ್ಯಾರ ಅಂತಾಳ ಮಾಯವ್ವ. ಅಂದ್ರ ತಪ್ಪೇನೈತಿ?"

"ಮತ್ತೇನ್ ಮಾಡ್ಲೇ? ಅವರು ಕರೀವಲ್ರು."

"ಕರಿ ಬೇಕಾಗಿದ್ದು ಅಯ್ಯಾಗ. ಸಾಲ್ಯಾಗ ಒಂದಽ ಚಾಪಿ ಮ್ಯಾಲ ಬಾಜು ಕುಂತಾಂವಗ ಬೇಕಾಗೂದಿಲ್ಲ."

ಮಾಮಾ ಜೋಳಿಗೆಯನ್ನು ಗೂಟಕ್ಕೆ ಹಾಕಿ, ಬೆತ್ತವನ್ನು ಮೂಲೆಗಿಟ್ಟು, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಹೊರಟ. ನಾನು ಛತ್ರಿ ಹಿಡಿದು ಹಿಂದೆ ಓಡಿದೆ. ಛತ್ರಿ ಬೇಡ ಎಂದ. ಬೀರಣ್ಣ ಸಾಲಿನಲ್ಲಿ ತನ್ನ ಚಪ್ಪಲಿ ಬಿಟ್ಟು ನಮ್ಮ ಜೊತೆ ಬಂದ.

ಹಳ್ಳ ತುಂಬಿ ಹರಿಯುತ್ತಿತ್ತು. ಕಾಲುಸಂಕ ದಾಟಿ ಆಚೆ ಹೋದೆವು. ತಮ್ಮಣ್ಣನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಭಜನೆಯವರು ನಮ್ಮನ್ನು ಕಂಡು ತಾಳ ನಿಲ್ಲಿಸಿದರು. ಮಾಮಾ ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲಿ ಮಳೆಯಲ್ಲೇ ನಿಂತ. ಮಾಯವ್ವ ತಲೆ ಎತ್ತಿ ಅವನನ್ನೂ, ಜೋಳಿಗೆ ಇಲ್ಲದ ಹೆಗಲನ್ನೂ ನೋಡಿದಳು.

"ಅಯ್ಯಾರಾಗಿ ಬಂದೀರೋ, ಅಂಗಡಿಯವರಾಗಿ ಬಂದೀರೋ?"

"ಎರಡೂ ಅಲ್ಲ ಯವ್ವಾ. ತಮ್ಮಣ್ಣನ ಗೆಳ್ಯಾ ಆಗಿ ಬಂದೀನಿ."

ಅವಳು ಎದ್ದು ಹೊಸ್ತಿಲ ತನಕ ಬಂದಳು.

"ಹಂಗಾರ ಹೆಗಲು ಕೊಡ್ರಿ" ಎಂದಳು.

ಅಯ್ಯನವರು ಹೆಣ ಹೊರುವುದಿಲ್ಲ. ನಾನು ಹುಟ್ಟಿದಾಗಿನಿಂದ ಕಂಡಿಲ್ಲ, ಕೇಳಿಲ್ಲ. ಹಿರಿಯರೊಬ್ಬರು, "ಏ, ಅಯ್ಯಾರು ಹೊರಬಾರದವ್ವಾ" ಎಂದರು. "ಗೆಳ್ಯಾ ಅಂದಾರಲ್ರಿ, ಹೊರ್ಲಿ" ಎಂದಳು ಮಾಯವ್ವ. ಮಾಮಾ ಮುಂದಿನ ಎಡಗಡೆಯ ಬಿದಿರಿಗೆ ಹೆಗಲು ಕೊಟ್ಟ. ಬಾಗಿದ ಅಭ್ಯಾಸವಿಲ್ಲದ ಕುತ್ತಿಗೆ. ಕೆಸರಿನಲ್ಲಿ ಎರಡು ಸಲ ಜಾರಿದ, ಬೀರಣ್ಣ ಹಿಂದಿನಿಂದ ಹಿಡಿದ. ಬದಲಿಸುತ್ತೇವೆ ಎಂದು ಯಾರು ಕೇಳಿದರೂ ಬಿಡಲಿಲ್ಲ.

ಸಮಾಧಿ ತಮ್ಮಣ್ಣನ ಹೊಲದಲ್ಲೇ, ಎತ್ತರದ ದಿಬ್ಬದ ಮೇಲೆ. ಅಲ್ಲಿಗೆ ಬದುವಿನ ಮೇಲೆ ಹೋಗಬೇಕು. ಬದುವಿನ ಈಚೆ ಕಡುಹಸಿರು ಭತ್ತ. ಆ ಹೊಲದವರ ಮನೆಯಲ್ಲಿ ಮಾಮಾ ಹೋದ ವಾರವೇ ಉಂಡಿದ್ದ. ಬದುವಿನ ಆಚೆ ತಮ್ಮಣ್ಣನ ಭತ್ತ, ಗಿಡ್ಡಗೆ, ಒಣ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಎಲ್ಲರೂ ಅದನ್ನು ನೋಡುತ್ತ ನಡೆದರು. ಆ ಬಿದಿರಿನ ಕೆಳಗೆ ಮಾಮಾನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವನ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಇಳಿಯಿತು.

ದಿಬ್ಬದ ಮೇಲೆ ಇಳಿಸಿದಾಗ ಗೊತ್ತಾಯಿತು, ಕರೆಯಲು ಹೋದ ಗಾಡಿ ಬರಿದೇ ತಿರುಗಿ ಬಂದಿದೆ. ಆ ದಾರಿಯ ಸೇತುವೆಯ ಮೇಲೆ ನೀರು. ಬೇರೆ ಅಯ್ಯನವರು ಇಲ್ಲ. ನಮ್ಮ ಕಡೆ ಪಾದ ಇಡುವುದು ಸಮಾಧಿಯ ಬಳಿಯೇ. ಇಡದೆ ಮಣ್ಣು ಹಾಕುವಂತಿಲ್ಲ. ತೋಡಿದ ಕುಣಿಗೆ ನೀರು ಒಸರುತ್ತಿತ್ತು. ಹಿರಿಯರು ಮಾಮಾನ ಕಡೆ ತಿರುಗಿದರು.

"ಆಗಿದ್ದು ಆಗಿಹೋತು. ನೀವಽ ಇಡ್ರಿ ಅಯ್ಯಾರ."

ಮಾಮಾ ತಲೆ ಅಲ್ಲಾಡಿಸಿದ. "ನನ್ನಿಂದ ಆಗೂದಿಲ್ಲ. ಅಂವ ಬ್ಯಾಡ ಅಂದಾನ. ಅಂವನ ಮಾತು ಮೀರಿ ಇಟ್ರ ಅದು ಪಾದ ಇಟ್ಟಂಗಲ್ಲ, ತುಳದಂಗ."

ನಮ್ಮ ಕಡೆ ಹೆಂಗಸರೂ ಮಣ್ಣಿಗೆ ಬರುತ್ತಾರೆ. ಮಾಯವ್ವ ಗುಂಪಿನಿಂದ ಮುಂದೆ ಬಂದಳು.

"ಪಾದ ಬ್ಯಾಡ್ರಿ" ಎಂದಳು. "ಕೈ ಇಡ್ರಿ."

"ಹಂಗ ರೀತಿ ಇಲ್ಲವ್ವಾ" ಎಂದರು ಹಿರಿಯರು.

"ರೀತಿ ನನಗ ಹೇಳಬ್ಯಾಡ್ರಿ. ರೀತಿ ಅಂತ ಹೇಳೇ ನಮ್ಮ ಚೀಲ ಹ್ವಾದ್ವು."

ಮಾಮಾ ಕೆಸರಿನಲ್ಲಿ ಮಂಡಿಯೂರಿದ. ತಮ್ಮಣ್ಣನ ಮುಖಕ್ಕೆ ಅವನ ಮುಖ ಸಮನಾಯಿತು. ಬಲಗೈಯನ್ನು ಅವನ ತಲೆಯ ಮೇಲಿಟ್ಟ. ಹೇಳಬೇಕಾದ ಮಂತ್ರ ಇದೆ, ಸಾವಿರ ಸಲ ಹೇಳಿದ ಮಂತ್ರ. ಅದು ಅವನ ಬಾಯಿಗೆ ಬರಲಿಲ್ಲ. "ತಪ್ಪಾತೋ ತಮ್ಮಣ್ಣಾ" ಎಂದವನೇ ಸಣ್ಣ ಮಕ್ಕಳ ಹಾಗೆ ಅತ್ತ. ಮಳೆಯಲ್ಲಿ ನಿಂತ ಅಷ್ಟೂ ಜನರೆದುರು ಅತ್ತ. ಆಮೇಲೆ ಮಂತ್ರ ಹೇಳಿದ, ವಿಭೂತಿ ಇಟ್ಟ, ಎಲ್ಲರೂ ಪತ್ರಿ ಹಾಕಿದರು, ಮಣ್ಣು ಹಾಕಿದರು.

ಇದಾದ ಮೇಲೆ ಮಾಮಾ ಬದಲಾದ ಎಂದು ಹೇಳಿದರೆ ಸುಲಭವಾಗುತ್ತದೆ. ಸಿಟ್ಟು ಹಾಗೆಯೇ ಇದೆ, ಅತ್ತೆಯ ಜೊತೆ ವಾದ ಮಾಡುವುದೂ ಹಾಗೆಯೇ ಇದೆ. ಆದರೆ ಮರುದಿನವೇ ಕರೆಯಲು ಬಂದವರಿಗೆಲ್ಲ ಒಂದು ಮಾತು ಹೇಳಿದ. ಗೊಬ್ಬರದ ಈ ತುಟಾಗ್ರತೆ, ಈ ಕೊರತೆ, ಮುಗಿಯುವ ತನಕ ನಾನು ಯಾರ ಮನೆಯಲ್ಲೂ ಉಣ್ಣುವುದಿಲ್ಲ, ಅಂಗಡಿಯಲ್ಲಿ ಯಾರೂ ಕಾಲು ಮುಟ್ಟಬಾರದು. ಕೆಲವರಿಗೆ ಇದು ಅಪಮಾನವೆನಿಸಿತು. ಹೆಣ ಹೊತ್ತವನು ಮತ್ತೆ ಅಯ್ಯ ಹೇಗಾದಾನು ಎಂದು ಎರಡು ಮೂರು ಮನೆಯವರು ಬೇರೆ ಊರಿನವರನ್ನು ಹಿಡಿದರು. ಚೀಲಗಳನ್ನು ಸಮೃದ್ಧಿಯೇ ಹಂಚುತ್ತಾಳೆ, ಮಾಮಾ ಗಲ್ಲೆಯಲ್ಲಿ ಕೂಡುತ್ತಾನೆ. ತಮ್ಮಣ್ಣನಿಗೆಂದು ಸರಿಸಿಟ್ಟ ಎರಡು ಚೀಲ ಆವತ್ತೇ ಸಾಲಿನವರಿಗೆ ಹೋದವು, ತಾಡಪತ್ರಿ ಲಾರಿಯವನಿಗೆ ಹೋಯಿತು.

ಮನೆಗಳು ಕಡಿಮೆಯಾದದ್ದಕ್ಕೆ ಅವನಿಗೆ ಅಷ್ಟು ನೋವಾಗಲಿಲ್ಲ. ನೋವಾದದ್ದು ಮಾಯವ್ವನ ಮನೆಯಲ್ಲಿ ತಮ್ಮಣ್ಣನ ಹೆಸರಿಗೆ ಮಾಡಿದ ಶಿವಗಣಾರಾಧನೆಗೆ ಕರೆ ಬರದೆ ಹೋದಾಗ. ಆ ದಿನ ಅವಳು ಬೇರೆ ಅಯ್ಯನವರನ್ನು ಕರೆಸಿ ಕಾರ್ಯ ಮಾಡಿಸಿದಳು. ಮಾಮಾ ಬೆಳಗಿನಿಂದ ಬಿಳಿ ಧೋತರ ಉಟ್ಟು ಕೂತಿದ್ದ ಎಂದು ಅತ್ತೆ ನನಗೆ ಫೋನಿನಲ್ಲಿ ಹೇಳಿದಳು. "ಮಧ್ಯಾನ ತಾನಽ ಧೋತರ ಬಿಚ್ಚಿಟ್ಟು ಅಂಗಡಿಗೆ ಹ್ವಾದ್ರು."

ಶ್ರಾವಣದಲ್ಲಿ ಇನ್ನೊಂದು ಲಾರಿ ಬಂತು. ಆ ದಿನ ನಾನು ಅಂಗಡಿಯಲ್ಲಿದ್ದೆ. ಸಾಲಿನಲ್ಲಿ ಮಾಯವ್ವ ಇದ್ದಳು, ಕೊಪ್ಪೆ ಹೊದ್ದುಕೊಂಡು, ಬಹಳ ಹಿಂದೆ. ಮಾಮಾ ಅವಳನ್ನು ಕಂಡು ಎದ್ದ, ಸಮೃದ್ಧಿಯ ಕಡೆ ನೋಡಿದ, ಮತ್ತೆ ಕೂತ. ಮುಂದೆ ಕರೆದರೆ ಅವಳು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಬೀರಣ್ಣ ತನ್ನ ಜಾಗ ಬಿಟ್ಟುಕೊಡಲು ಹೋದ. "ನಿಂದು ನೀ ನೋಡ್ಕೊ" ಎಂದು ಬೈಸಿಕೊಂಡ. ಸಾಲು ಸರಿಯುತ್ತ ಸರಿಯುತ್ತ ಅವಳ ಪಾಳಿ ಬಂತು. ಹೆಬ್ಬೆಟ್ಟು ಒತ್ತಿದಳು, ಹಣ ಕೊಟ್ಟಳು, ಹಮಾಲ ಎರಡು ಚೀಲವನ್ನು ಅವಳ ಮೈದುನನ ಗಾಡಿಗೆ ಹಾಕಿದ. ಹೆಚ್ಚಿನ ಭತ್ತ ಹೋಗಿತ್ತು, ದಿಬ್ಬದ ಕೆಳಗಿನದು ಸ್ವಲ್ಪ ಚಿಗುರಬಹುದಿತ್ತು.

ಗಾಡಿ ಹೊರಟ ಮೇಲೆ ಅವಳು ತಿರುಗಿ ಬಂದು ಗಲ್ಲೆಯ ಮುಂದೆ ನಿಂತಳು.

"ನಾಡಿದ್ದು ಸ್ವಾಮವಾರ ಮನಿಗೆ ಬರ್ರಿ ಅಯ್ಯಾರ. ಉಂಡು ಹೋಗೀರಂತ."

ಮಾಮಾ ತಲೆ ತಗ್ಗಿಸಿದ. "ತುಟಾಗ್ರತೆ ಮುಗೀಲಿ ಯವ್ವಾ. ಅಲ್ಲೀತನಾ ನಾ ಯಾರ ಮನ್ಯಾಗೂ ಉಣ್ಣೂದಿಲ್ಲ ಅಂತ ಹೇಳೀನಿ."

"ಗೊತ್ತೈತಿ. ಅದಕ್ಕಽ ಆರಾಧನಿಗೆ ಕರೀಲಿಲ್ಲ, ಆವಾಗ ನಂದು ಚೀಲ ಬರೂದಿತ್ತು. ಇವತ್ತ ಕರದೀನಿ" ಎಂದಳು ಮಾಯವ್ವ. "ನನ್ನ ಚೀಲ ನಾ ಸಾಲಿನ್ಯಾಗ ನಿಂತ ತಗೊಂಡೀನಿ, ಗಾಡಿ ಹೋತು. ಈಗ ನಿಮ್ಮ ಕೈಯಾಗ ನನಗ ಕೊಡೂದು ಏನೂ ಉಳದಿಲ್ಲ. ಈಗಾರ ಬರ್ರಿ."